ತೋಟದ ಜೀಪಿನ ಆಕ್ಸಲ್: ತುದಿ ಪೂರ್ತಿ ಬಿಚ್ಚಿ, ನಡು ನೋಡಿ ಬಿಡಿ

ಹಳೆಯ ಜೀಪನ್ನು ಸರಿಮಾಡಲು ಬಾಡಿ ಇಳಿಸಿ ಚಾಸಿ ಬರಿದಾಗಿ ನಿಂತಾಗ ಆಕ್ಸಲನ್ನೂ ಪೂರ್ತಿ ಬಿಚ್ಚಿಬಿಡೋಣ ಅನ್ನಿಸುತ್ತದೆ. ನಾನು ಹಾಗೆ ಮಾಡುವುದಿಲ್ಲ. ಚಾಸಿಯ ವೆಲ್ಡಿಂಗ್, ಬ್ರೇಕ್ ಪೈಪು ಇವೆಲ್ಲ ಬಾಡಿ ಕೂತ ಮೇಲೆ ಕಷ್ಟದ ಕೆಲಸ. ಆಕ್ಸಲ್ ಹಾಗಲ್ಲ. ನಾಲ್ಕು ಯು ಬೋಲ್ಟ್, ಪ್ರೊಪೆಲ್ಲರ್ ಶಾಫ್ಟ್, ಬ್ರೇಕ್ ಹೋಸ್ ಕಳಚಿದರೆ ಯಾವಾಗ ಬೇಕಾದರೂ ಕೆಳಗಿಳಿಯುತ್ತದೆ. ಆಕ್ಸಲಿನ ನಡುವಿನ ಕ್ರೌನ್-ಪಿನಿಯನ್ (ದೊಡ್ಡ, ಸಣ್ಣ ಗೇರಿನ ಜೊತೆ) ಬಿಚ್ಚಲು ‘ಹೇಗೂ ಬಿಚ್ಚಿದ್ದೀವಲ್ಲ’ ಎನ್ನುವುದು ಸಾಕಾಗುವ ಕಾರಣವಲ್ಲ.

ನಾನು ಹೇಳುತ್ತಿರುವುದು ವಿಲ್ಲೀಸ್ ಸಿಜೆ-3ಬಿ ಮತ್ತು ಅದೇ ವಂಶದ ಮಹೀಂದ್ರ ಜೀಪುಗಳ ಮಾತು: ಮುಂದೆ ಮುಚ್ಚಿದ ನಕಲ್ (ಚಕ್ರ ಎಡ ಬಲಕ್ಕೆ ತಿರುಗುವ ಕೀಲು) ಇರುವ ಡಾನಾ 25 ಆಕ್ಸಲ್, ಹಿಂದೆ ಟೇಪರ್ ಶಾಫ್ಟಿನ (ತುದಿಗೆ ಸಣ್ಣದಾಗುತ್ತ ಹೋಗುವ ಶಾಫ್ಟಿನ) ಡಾನಾ 44. ಕೊಡಗಿನ ತೋಟಗಳಲ್ಲಿ ಇವು ವೇಗವಾಗಿ ಓಡಿದ್ದು ಕಡಿಮೆ. ಮಳೆಗಾಲವಿಡೀ ಕೆಸರು, ತೋಡು ದಾಟುವುದು, ಕೊಯ್ಲಿನ ಕಾಲಕ್ಕೆ ಕಾಫಿ ಮೂಟೆಯ ಭಾರ. ಹಾಗಾಗಿ ನಡುವಿನ ಹಲ್ಲುಗಳಿಗಿಂತ ಮೊದಲು ಹಾಳಾಗುವುದು ಎರಡು ತುದಿಗಳು.

ಬಿಚ್ಚುವ ಮುಂಚೆ ಆಯಿಲ್ ಇಳಿಸಿ ನೋಡಬೇಕು. ಹಾಲು ಹಾಕಿದ ಚಹಾದ ಬಣ್ಣವಿದ್ದರೆ ನೀರು ಹೋಗಿದೆ. ಅಯಸ್ಕಾಂತಕ್ಕೆ ಅಂಟುವ ನುಣ್ಣನೆಯ ಬೂದು ಪುಡಿಗೆ ಹೆದರಬೇಕಿಲ್ಲ. ಉಗುರಿಗೆ ಸಿಗುವ ಚೂರು ಬಂದರೆ ನಡುವನ್ನು ಬಿಚ್ಚಲೇಬೇಕು. ಪ್ರೊಪೆಲ್ಲರ್ ಶಾಫ್ಟ್ ಸೇರುವ ಪಿನಿಯನ್ ಯೋಕನ್ನು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಕೈಗೆ ಪ್ಲೇ (ಅಲುಗಾಟ) ಸಿಕ್ಕಿದರೆ ಪಿನಿಯನ್ ಬೇರಿಂಗ್ ಮುಗಿದಿದೆ. ಆದರೆ ಯೋಕನ್ನು ತಿರುಗಿಸಿದಾಗ ಸಿಗುವ ಸಡಿಲವನ್ನೆಲ್ಲ ಕ್ರೌನ್-ಪಿನಿಯನ್ ಸವೆತ ಎಂದು ಲೆಕ್ಕ ಹಾಕಬೇಡಿ. ಅದರಲ್ಲಿ ಒಳಗಿನ ಸಣ್ಣ ಗೇರುಗಳ, ಶಾಫ್ಟಿನ ಸ್ಪ್ಲೈನಿನ (ಉದ್ದಗೆರೆ ಹಲ್ಲುಗಳ) ಸಡಿಲವೂ ಸೇರಿರುತ್ತದೆ. ನಿಜವಾದ ಲೆಕ್ಕ ಬೇಕಿದ್ದರೆ ಹತ್ತು ಬೋಲ್ಟಿನ ಕವರ್ ತೆಗೆದು, ಕ್ರೌನಿನ ಹಲ್ಲಿಗೇ ಡಯಲ್ ಗೇಜ್ ಇಟ್ಟು ನೋಡಿ. ಸಡಿಲ 0.13ರಿಂದ 0.23 ಮಿ.ಮೀ. ಒಳಗಿದ್ದು, ಹಲ್ಲಿನಲ್ಲಿ ಗುಳಿ, ಮುರುಕು, ಸುಟ್ಟ ನೀಲಿ ಇಲ್ಲದಿದ್ದರೆ ತೊಳೆದು ಹೊಸ ಪ್ಯಾಕಿಂಗ್ ಹಾಕಿ ಮುಚ್ಚಿಬಿಡುತ್ತೇನೆ. ಸ್ವಲ್ಪ ಹೆಚ್ಚಿದ್ದು, ಹಲ್ಲು ಸಮನಾಗಿ ಸವೆದಿದ್ದರೂ ಶಿಮ್ (ಅಂತರ ಹೊಂದಿಸುವ ತೆಳು ತಗಡು) ಬದಲಿಸಿ ಸರಿಮಾಡಲು ಹೋಗುವುದಿಲ್ಲ. ಒಟ್ಟಿಗೆ ಸವೆದ ಹಲ್ಲುಗಳು ಜಾಗ ಬದಲಾದರೆ ಊಳಿಡಲು ಶುರುಮಾಡುತ್ತವೆ, ಆಮೇಲೆ ಅದು ನಿಲ್ಲುವುದಿಲ್ಲ.

ಬಿಚ್ಚಲೇಬೇಕಾದರೆ ಬೇರಿಂಗ್ ಕ್ಯಾಪಿನ ಗುರುತನ್ನು ಹೌಸಿಂಗಿನ (ಆಕ್ಸಲಿನ ಕವಚದ) ಗುರುತಿಗೆ ಹೊಂದಿಸಿ ಇಟ್ಟುಕೊಳ್ಳಿ, ಎಡ ಬಲದ ಶಿಮ್‌ಗಳನ್ನು ಬೇರೆ ಬೇರೆ ಕಟ್ಟಿಡಿ. ಸ್ಪ್ರೆಡರ್‌ನಿಂದ ಹೌಸಿಂಗನ್ನು 0.5 ಮಿ.ಮೀ.ಗಿಂತ ಹೆಚ್ಚು ಹಿಗ್ಗಿಸಬಾರದು; ಮಿತಿ ಮೀರಿದರೆ ಅದು ಹಿಂದಿನ ಅಳತೆಗೆ ಮರಳುವುದಿಲ್ಲ. ಪಿನಿಯನ್ ಸೀಲ್ ಮಾತ್ರ ಬದಲಿಸುವುದಾದರೆ ಈ ಆಕ್ಸಲುಗಳಲ್ಲಿ ಒಂದು ಅನುಕೂಲವಿದೆ. ಬೇರಿಂಗ್ ಬಿಗಿ ಶಿಮ್‌ನಿಂದ ನಿಂತಿರುವುದರಿಂದ ನಟ್ಟನ್ನು 200–220 ಅಡಿ-ಪೌಂಡ್‌ಗೆ ಮತ್ತೆ ಬಿಗಿದರೂ ಒಳಗಿನ ಅಳತೆ ಕೆಡುವುದಿಲ್ಲ. ಸೀಲ್ ಕೂರುವ ಯೋಕಿನ ಮೈಯಲ್ಲಿ ಉಗುರು ಸಿಕ್ಕುವಷ್ಟು ಗೀರಿದ್ದರೆ ಸ್ಲೀವ್ ಹಾಕಿಸಿ. ಗೀರನ್ನು ಹಾಗೇ ಬಿಟ್ಟರೆ ಹೊಸ ಸೀಲೂ ಸೋರುತ್ತದೆ.

ಇನ್ನು ತುದಿಗಳು. ಇಲ್ಲಿ ನಾನು ಏನನ್ನೂ ಬಿಚ್ಚದೆ ಬಿಡುವುದಿಲ್ಲ.

ಹಿಂದಿನ ಚಕ್ರದ ಹಬ್ಬನ್ನು ಪುಲ್ಲರ್‌ನಿಂದಲೇ ಎಳೆಯಬೇಕು, ನಟ್ಟನ್ನು ಕೆಲವು ಸುತ್ತು ಶಾಫ್ಟಿನಲ್ಲೇ ಉಳಿಸಿರಬೇಕು. ಟೇಪರ್ ಒಮ್ಮೆಗೇ ಬಿಟ್ಟಾಗ ಹಬ್ ಹಾರದಿರಲಿ. ಶಾಫ್ಟಿನ ತುದಿಗೆ ಸುತ್ತಿಗೆ ಏಟು ಹಾಕಿದರೆ ಪೆಟ್ಟು ನೇರ ಬೇರಿಂಗಿಗೂ ನಡುವಿನ ಥ್ರಸ್ಟ್ ಬ್ಲಾಕಿಗೂ ಹೋಗುತ್ತದೆ. ಕೀ ಕೂರುವ ಸೀಳಿನ ಮೂಲೆಯಲ್ಲಿ ಬಿರುಕು ಹುಡುಕಿ. ಟೇಪರಿಗೆ ನೀಲಿ ಬಣ್ಣ ತೆಳ್ಳಗೆ ಹಚ್ಚಿ ಹಬ್ ಕೂರಿಸಿ ತೆಗೆದರೆ ಎಲ್ಲಿ ತಾಗುತ್ತಿದೆ ಎಂದು ಕಾಣುತ್ತದೆ. ಒಂದೇ ಅಂಚಿನಲ್ಲಿ ತಾಗುವ ಹಬ್ಬನ್ನು ಬದಲಿಸುತ್ತೇನೆ. ಕೂರಿಸುವಾಗ ಟೇಪರ್ ಒಣಗಿರಬೇಕು, ಗ್ರೀಸ್ ಬೇಡ. ನಟ್ಟಿಗೆ ಕನಿಷ್ಠ 150 ಅಡಿ-ಪೌಂಡ್, ಆಮೇಲೆ ಸ್ಪ್ಲಿಟ್ ಪಿನ್. ಪಿನ್ನಿನ ತೂತು ಹೊಂದದಿದ್ದರೆ ಇನ್ನಷ್ಟು ಬಿಗಿಯಿರಿ, ಸಡಿಲಿಸಬೇಡಿ. ಶಾಫ್ಟಿನ ಒಳ-ಹೊರ ಪ್ಲೇ 0.03ರಿಂದ 0.15 ಮಿ.ಮೀ. ಬರುವಂತೆ ಬ್ಯಾಕ್ ಪ್ಲೇಟಿನ ಶಿಮ್ ಹೊಂದಿಸುತ್ತೇನೆ. ಇಲ್ಲಿನ ಸೀಲ್ ಸೋರಿದರೆ ಆಯಿಲ್ ಬ್ರೇಕ್ ಲೈನರಿಗೆ ಹೋಗುತ್ತದೆ. ಸಂಪಾಜೆ ಘಾಟಿಯನ್ನು ಭಾರ ಹೊತ್ತು ಇಳಿಯಬೇಕಾದ ಗಾಡಿಗೆ ಸೀಲಿನ ದುಡ್ಡಿನಲ್ಲಿ ಉಳಿತಾಯ ನೋಡಬಾರದು. ಆಯಿಲ್ ಕುಡಿದ ಲೈನರನ್ನು ಪೆಟ್ರೋಲಿನಲ್ಲಿ ತೊಳೆದು ಹಾಕುವ ರೂಢಿಯಿದೆ. ಬಿಸಿಯಾದಾಗ ಆಯಿಲ್ ಮತ್ತೆ ಹೊರಬರುತ್ತದೆ, ಹೊಸದೇ ಹಾಕಿ.

ಮುಂದಿನ ಚಕ್ರವನ್ನು ಜಾಕಿಯಲ್ಲಿ ಎತ್ತಿ, ಟಯರಿನ ಮೇಲೆ ಕೆಳಗೆ ಹಿಡಿದು ಅಲುಗಿಸಿ. ಪ್ಲೇ ಸಿಕ್ಕಿತೆಂದರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ. ಪ್ಲೇ ಮಾಯವಾದರೆ ಅದು ವೀಲ್ ಬೇರಿಂಗಿನದು. ಉಳಿದರೆ ನಕಲ್ ತಿರುಗುವ ಕಿಂಗ್ ಪಿನ್ನಿನದು. ವೀಲ್ ಬೇರಿಂಗ್ ಚೆನ್ನಾಗಿದ್ದರೆ ಚಕ್ರ ಬಿಗಿಯಾಗುವವರೆಗೆ ನಟ್ ತಿರುಗಿಸಿ, ಸುಮಾರು ಆರನೇ ಒಂದು ಸುತ್ತು ಹಿಂದೆ ಬಿಟ್ಟು, ವಾಷರ್ ಮಡಚಿದರೆ ಮುಗಿಯಿತು.

ಕಿಂಗ್ ಪಿನ್ನಿನ ಬೇರಿಂಗ್ ನಂಬರ್ 11590, ಅದು ಕೂರುವ ಕಪ್ಪಿನ ನಂಬರ್ 11520. ಒಂದು ಆಕ್ಸಲಿಗೆ ನಾಲ್ಕು ಜೊತೆ ಬೇಕು. ನಕಲ್ಲನ್ನು ಕೈಯಲ್ಲಿ ತಿರುಗಿಸುವಾಗ ಚಕ್ರ ನೇರವಾಗುವ ಜಾಗದಲ್ಲಿ ‘ಕಟಕ್’ ಎಂದು ಕೂತರೆ ಕೆಳಗಿನ ಕಪ್ಪಿನಲ್ಲಿ ರೋಲರಿನ ಅಚ್ಚು ಬಿದ್ದಿದೆ. ಅದನ್ನು ಶಿಮ್ ತೆಗೆದು ಬಿಗಿ ಮಾಡುವವರಿದ್ದಾರೆ. ಸ್ಟೀರಿಂಗ್ ಗಟ್ಟಿಯಾಗುತ್ತದೆ, ಅದುರುವುದು ನಿಲ್ಲುವುದಿಲ್ಲ. ಹೊಸ ಬೇರಿಂಗ್ ಹಾಕಿದ ಮೇಲೆ, ಸೀಲ್ ಕೂರಿಸುವ ಮೊದಲು, ಟೈ ರಾಡ್ ಸೇರುವ ತೂತಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆಯಿರಿ. 2ರಿಂದ 2.7 ಕಿಲೋ ಎಳೆತಕ್ಕೆ ನಕಲ್ ತಿರುಗಬೇಕು. ಸೀಲ್ ಹಾಕಿದ ಮೇಲೆ ಅಳೆದರೆ ಸೀಲಿನ ಫೆಲ್ಟ್ ಪಟ್ಟಿಯ ಬಿಗಿಯೂ ಸೇರಿ ಲೆಕ್ಕ ತಪ್ಪುತ್ತದೆ. ನಕಲ್ಲಿನ ಉಂಡೆಯ ಮೈ ನಮ್ಮಲ್ಲಿ ತುಕ್ಕು ಹಿಡಿದೇ ಇರುತ್ತದೆ. ಮೇಲಿನ ತುಕ್ಕನ್ನು ಎಮರಿ ಕಾಗದದಿಂದ ಉಜ್ಜಿ, ಗುಳಿಗಳಿಗೆ ಲೋಹದ ಎಪಾಕ್ಸಿ ತುಂಬಿ ನುಣುಪು ಮಾಡುತ್ತೇನೆ. ಒರಟು ಮೈಮೇಲೆ ಹೊಸ ಫೆಲ್ಟ್ ಒಂದು ಮಳೆಗಾಲವೂ ಬಾಳುವುದಿಲ್ಲ.

ಹೌಸಿಂಗ್ ತೀರಾ ಬಾಗಿದ್ದು, ಗುಜರಿಯಿಂದ ಬೇರೆ ಆಕ್ಸಲ್ ತರುವುದಾದರೆ ಹಲ್ಲು ಎಣಿಸದೆ ದುಡ್ಡು ಕೊಡಬೇಡಿ. ಕ್ರೌನಿನ 43ಕ್ಕೆ ಪಿನಿಯನ್ನಿನ 8 ಇದ್ದರೆ ಅನುಪಾತ 5.38, 39ಕ್ಕೆ 8 ಇದ್ದರೆ 4.88. ಹಿಂದೆ ಒಂದು, ಮುಂದೆ ಇನ್ನೊಂದು ಆದರೆ ಕೆಸರಿನಲ್ಲಿ ತಿಳಿಯದು. ಡಾಂಬರಿಗೆ ಬಂದಾಗ ಫೋರ್ ವೀಲ್ ಲಿವರ್ ಬಿಡುವುದಿಲ್ಲ, ಗೇರುಗಳು ಎಳೆದಾಡಿ ಸಾಯುತ್ತವೆ.

ಆಕ್ಸಲಿನೊಳಗೆ ಗಾಳಿ ಆಡಲು ಇರುವ ಬ್ರೀದರ್ ಚಿಕ್ಕದು, ಎಲ್ಲರೂ ಮರೆಯುತ್ತಾರೆ. ಬಿಸಿ ಆಕ್ಸಲ್ ತೋಡಿನ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಬ್ರೀದರ್ ಮಣ್ಣು ಕಟ್ಟಿದ್ದರೆ ಸೀಲಿನ ಮೂಲಕ ನೀರನ್ನೇ ಎಳೆಯುತ್ತದೆ. ಅದಕ್ಕೆ ಒಂದು ರಬ್ಬರ್ ಹೋಸ್ ಹಾಕಿ ಬಾನೆಟ್ಟಿನ ಎತ್ತರಕ್ಕೆ ಒಯ್ಯುತ್ತೇನೆ. ಆಯಿಲ್ ಹೈಪಾಯ್ಡಿಗೆ (ಈ ಕ್ರೌನ್-ಪಿನಿಯನ್ ಹಲ್ಲಿನ ಬಗೆಗೆ) ಹೊಂದುವ ಇಪಿ 90 ಗೇರ್ ಆಯಿಲ್, ಪ್ರತಿ ಆಕ್ಸಲಿಗೆ ಒಂದೂಕಾಲು ಲೀಟರಿನ ಆಸುಪಾಸು, ತುಂಬುವ ತೂತಿನ ಮಟ್ಟಕ್ಕೆ. ಮಳೆ ನಿಂತ ಮೇಲೆ ಅಕ್ಟೋಬರಿನಲ್ಲಿ ಬಣ್ಣ ನೋಡಿ ಬದಲಿಸಬೇಕು.

ಮೊದಲ ಬಾರಿ ಭಾರ ಹೇರಿ ಓಡಿಸಿ ಬಂದ ಕೂಡಲೇ ನಾಲ್ಕೂ ಹಬ್ಬನ್ನು ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಸುಡುವುದನ್ನು ಬಿಚ್ಚಿ. ಹಿಂದಿನ ಎರಡೂ ಹಬ್ಬಿನ ನಟ್ಟುಗಳಿಗೆ ಟಾರ್ಕ್ ರೆಂಚ್ ಇನ್ನೊಮ್ಮೆ ಹಾಕಿ, ಟೇಪರ್ ಕೂತು ಸಡಿಲವಾಗಿರುತ್ತವೆ.