ಬದಿಯಡ್ಕದಿಂದ ತಲಶ್ಶೇರಿಗೆ: ನಮ್ಮ ಸೈಕಲ್ ಪ್ರವಾಸದ ಮೊದಲ ಮೂರು ದಿನ

ಕನ್ಯಾಕುಮಾರಿಗೆ ಸೈಕಲ್‌ನಲ್ಲಿ ಹೋಗಿ ಬಂದೆವು ಅಂದ ಕೂಡಲೇ ಎಲ್ಲರೂ ಕೇಳುವುದು ಕಡೇ ದಿನದ ಕತೆ. ಸಮುದ್ರ ಕಂಡಾಗ ಹೇಗನಿಸಿತು, ಫೋಟೋ ಉಂಟಾ, ಅಂತ. ನನಗೆ ಮಾತ್ರ ಮೊದಲ ಮೂರು ದಿನದ ಬಗ್ಗೆ ಹೇಳಬೇಕು ಅನಿಸುತ್ತದೆ. ಸೈಕಲನ್ನು ಬಸ್ಸಿನ ಮೇಲೆ ಹಾಕಿಕೊಂಡು ಮನೆಗೆ ವಾಪಸ್ ಬರುವ ಯೋಚನೆ ನಮಗೆ ಬಂದದ್ದು ಆ ಮೂರು ದಿನಗಳಲ್ಲೇ. ಅದು ದಾಟಿದ ಮೇಲೆ ದಾರಿ ಉದ್ದ ಇತ್ತು, ಅಷ್ಟೆ.

ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ಡಿಟಿಪಿ ಅಂಗಡಿ ಇಟ್ಟುಕೊಂಡವನು. ಬೆಳಗ್ಗಿನಿಂದ ಸಂಜೆ ತನಕ ಕುರ್ಚಿಯಲ್ಲಿ ಕೂತು ಮಾಡುವ ಕೆಲಸ. ಗೆಳೆಯ ಅಡಿಕೆ ಕೃಷಿಕ. ದಿನಕ್ಕೆ ನಾಲ್ಕು ಸಲ ತೋಟಕ್ಕೆ ಇಳಿದು ಗುಡ್ಡ ಹತ್ತುವವನು. ಇಬ್ಬರೂ ಒಂದೇ ಕನ್ನಡ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಕಲಿತವರು. ಸ್ನೇಹಕ್ಕೆ ಮೂವತ್ತು ವರ್ಷ ಆಯಿತು. ಆದರೆ ಜೊತೆಗೆ ಸೈಕಲ್ ತುಳಿದದ್ದು ಶಾಲೆಯ ದಿನಗಳಲ್ಲಿ ಮಾತ್ರ. ಇಬ್ಬರ ಕಾಲಿನ ಶಕ್ತಿ ಇಷ್ಟು ಬೇರೆಯಾಗಿದೆ ಅಂತ ಹೊರಡುವಾಗ ನಮಗೆ ಹೊಳೆಯಲೇ ಇಲ್ಲ.

ಹೊರಟದ್ದು ಜನವರಿಯಲ್ಲಿ. ಮೊದಲ ಕೊಯ್ಲಿನ ಅಡಿಕೆ ಅವನ ಅಂಗಳದಲ್ಲಿ ಒಣಗುತ್ತಿತ್ತು, ಅದನ್ನು ನೋಡಿಕೊಳ್ಳಲು ತಮ್ಮ ಒಪ್ಪಿದ್ದ. ಹಿಂದಿನ ದಿನ ಸಂಜೆ ಅಡಿಕೆ ತೂಗುವ ತಕ್ಕಡಿಯಲ್ಲೇ ಇಬ್ಬರ ಚೀಲ ಇಟ್ಟು ನೋಡಿದೆವು. ಅವನದ್ದು 9 ಕಿಲೋ, ನನ್ನದು 17. ಎರಡು ಜೀನ್ಸ್ ಪ್ಯಾಂಟು, ದಪ್ಪ ಟವೆಲ್, ಹೊದಿಕೆ, ಎರಡು ಪುಸ್ತಕ, ಶೇವಿಂಗ್ ಸೆಟ್, ಒಂದು ಸ್ಟೀಲ್ ಡಬ್ಬಿ ತುಂಬ ಚಕ್ಕುಲಿ. ತೆಗೆದು ತೆಗೆದು 13ಕ್ಕೆ ಇಳಿಸಿದೆ. ಅದಕ್ಕಿಂತ ಕಡಿಮೆ ಆಗುವುದೇ ಇಲ್ಲ ಅಂತ ಹಟ ಹಿಡಿದೆ.

ಗೆಳೆಯ ಒಂದು ಒಳ್ಳೆಯ ಕೆಲಸ ಮಾಡಿದ. ಕ್ಯಾರಿಯರ್‌ನ ಎರಡೂ ಬದಿಗೆ ಚೀಲ ನೇತು ಹಾಕಿದರೆ ಅದು ಚಕ್ರಕ್ಕೆ ತಾಗುತ್ತದೆ, ಉಜ್ಜಿ ಉಜ್ಜಿ ಬಟ್ಟೆ ಹರಿಯುತ್ತದೆ. ಅವನು ಅಡಿಕೆ ಹಾಳೆಯನ್ನು ನೀರಿನಲ್ಲಿ ನೆನೆಸಿ, ಮೆತ್ತಗಾದ ಮೇಲೆ ಅಳತೆಗೆ ಕತ್ತರಿಸಿ, ಚೀಲಕ್ಕೂ ಚಕ್ರಕ್ಕೂ ನಡುವೆ ಕಟ್ಟಿದ. ಒಣಗಿದ ಮೇಲೆ ಹಲಗೆಯ ಹಾಗೆ ಗಟ್ಟಿಯಾಯಿತು. ಕಟ್ಟಿದ್ದು ಹಳೇ ಟ್ಯೂಬ್ ಸೀಳಿದ ರಬ್ಬರ್ ಪಟ್ಟಿಯಲ್ಲಿ. ಕನ್ಯಾಕುಮಾರಿ ತನಕವೂ ಅದು ಅಲುಗಲಿಲ್ಲ. ಹಗ್ಗಕ್ಕಿಂತ ಟ್ಯೂಬಿನ ರಬ್ಬರ್ ಎಷ್ಟೋ ವಾಸಿ. ಎಳೆದು ಕಟ್ಟಿದರೆ ಕುಲುಕಾಟಕ್ಕೆ ಸಡಿಲ ಆಗುವುದಿಲ್ಲ.

ಮೊದಲ ದಿನ ಬೆಳಗ್ಗೆ ಆರು ಗಂಟೆಗೆ, ಮಂಜು ಇನ್ನೂ ಇರುವಾಗಲೇ ಹೊರಟೆವು. ಬದಿಯಡ್ಕದಿಂದ ಚೆರ್ಕಳದ ದಾರಿ ಪೂರಾ ಏರಿಳಿತ. ಬಸ್ಸಿನಲ್ಲಿ ನೂರಾರು ಸಲ ಹೋದ ದಾರಿ. ಆದರೆ ಎಷ್ಟು ಏರು ಉಂಟು ಅಂತ ಕಾಲಿಗೆ ಗೊತ್ತಾದದ್ದು ಆವತ್ತೇ. ಗೆಳೆಯ ಪ್ರತಿ ಏರಿನಲ್ಲೂ ಮುಂದೆ ಹೋಗಿ ತುದಿಯಲ್ಲಿ ಕಾಯುತ್ತಿದ್ದ. ನಾನು ಏದುಸಿರು ಬಿಡುತ್ತಾ ತಲುಪುವಾಗ ಅವನ ವಿಶ್ರಾಂತಿ ಮುಗಿದಿರುತ್ತಿತ್ತು. "ಹೋಗುವನಾ ಮಾರಾಯ?" ಅಂತ ಕೇಳಿ ಪೆಡಲ್ ತುಳಿದೇ ಬಿಡುತ್ತಿದ್ದ. ಅಂದರೆ ಸುಸ್ತಾದವನಿಗೆ ವಿಶ್ರಾಂತಿ ಇಲ್ಲ, ಸುಸ್ತಾಗದವನಿಗೆ ಬೇಕಾದಷ್ಟು. ಜೊತೆಯಾಗಿ ಹೋಗುವವರು ಮಾಡುವ ತಪ್ಪುಗಳಲ್ಲಿ ಇದಕ್ಕಿಂತ ದೊಡ್ಡದು ಇಲ್ಲ ಅಂತ ಈಗ ನನಗೆ ಗಟ್ಟಿಯಾಗಿ ಅನಿಸುತ್ತದೆ.

ಕಾಸರಗೋಡಿನಲ್ಲಿ ಇಡ್ಲಿ ತಿಂದು, ಹೆದ್ದಾರಿ ಬಿಟ್ಟು, ಚಂದ್ರಗಿರಿ ಸೇತುವೆ ಮೂಲಕ ಕಾಞಂಗಾಡ್‌ಗೆ ಹೋಗುವ ಕರಾವಳಿ ರಸ್ತೆ ಹಿಡಿದೆವು. ನಾವು ಹೋಗುವಾಗ ಹೆದ್ದಾರಿ 66ರಲ್ಲಿ ಅಗಲ ಮಾಡುವ ಕೆಲಸದ ಧೂಳು, ಲಾರಿ. ಸೈಕಲ್‌ಗೆ ಈ ಕರಾವಳಿ ರಸ್ತೆಯೇ ಸರಿ. ಸೇತುವೆಯ ಮಧ್ಯದಲ್ಲಿ ಇಬ್ಬರೂ ತಾನಾಗಿ ನಿಂತೆವು. ರಾಜ್ಯಗಳ ಗಡಿ ವಿವಾದದ ಬಗ್ಗೆ ಮಹಾಜನ್ ಆಯೋಗ ಕೊಟ್ಟ 1967ರ ವರದಿ ಈ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಅಂದಿತ್ತು. ನಮ್ಮ ಅಪ್ಪಂದಿರ ಬಾಯಲ್ಲಿ ಆ ಮಾತು ಕೇಳುತ್ತಾ ಬೆಳೆದವರು ನಾವು. ಸೇತುವೆ ದಾಟಿದ ಮೇಲೆ ಅಂಗಡಿ ಬೋರ್ಡುಗಳಲ್ಲಿ ಕನ್ನಡ ಕಡಿಮೆಯಾಗುತ್ತಾ ಹೋಯಿತು. ಬಸ್ಸಿನಲ್ಲಿ ಹೋಗುವಾಗ ಇದು ಕಣ್ಣಿಗೇ ಬೀಳುವುದಿಲ್ಲ. ಸೈಕಲ್‌ನ ವೇಗದಲ್ಲಿ ಒಂದೊಂದೇ ಬೋರ್ಡ್ ಓದುತ್ತಾ ಹೋಗಬಹುದು. ನನ್ನ ಕೆಲಸವೇ ಅಕ್ಷರದ್ದು, ಹಾಗಾಗಿ ಮನಸ್ಸಿಗೆ ತಟ್ಟಿತು.

ಮೇಲ್ಪರಂಬ, ಕಳನಾಡು ದಾಟಿ ಉದುಮ ತಲುಪುವಾಗ ನನ್ನ ಮಂಡಿಯ ಮುಂಭಾಗ ಚುಚ್ಚಲು ಶುರುವಾಯಿತು. ಅದಾಗಿ ಸ್ವಲ್ಪ ಹೊತ್ತಿಗೆ ಮೀನಖಂಡ ಹಿಡಿದುಕೊಂಡಿತು. ಗೆಳೆಯ ಎಲ್ಲೂ ಕಾಣುವುದಿಲ್ಲ. ಫೋನ್ ಮಾಡಿದರೆ ಎತ್ತುವುದಿಲ್ಲ. ಬಸ್ ಸ್ಟಾಪಿನ ಕಟ್ಟೆಯಲ್ಲಿ ಕೂತು ಕಾಲು ನೀವಿಕೊಂಡೆ. ಬೇಕಲ ಕೋಟೆಯ ಹತ್ತಿರ ಅವನು ಸಿಕ್ಕಿದಾಗ ಬಾಯಿಗೆ ಬಂದದ್ದು ಆಡಿದೆ. "ನೀನು ಒಬ್ಬನೇ ಹೋಗು, ನಾನು ಕಾಸರಗೋಡಿಗೆ ವಾಪಸ್ ಹೋಗ್ತೇನೆ" ಅಂದೆ. ಅವನೂ ಸುಮ್ನಿರಲಿಲ್ಲ. "ನಿಧಾನ ತುಳಿದರೆ ನನಗೆ ಕಾಲು ನೋವು ಬರ್ತದೆ, ಅದು ನಿನಗೆ ಗೊತ್ತುಂಟಾ?" ಅಂದ.

ಸಿಟ್ಟಿನಲ್ಲೇ ಟಿಕೆಟ್ ತೆಗೆದು ಕೋಟೆಯ ಒಳಗೆ ಹೋದೆವು. ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ ಕೋಟೆ. ಮುರಕಲ್ಲಿನ ಗೋಡೆ, ಕೆಳಗೆ ಸಮುದ್ರ. ನೆರಳಿನಲ್ಲಿ ಕೂತು ಕದಳಿ ಬಾಳೆಹಣ್ಣು ತಿಂದೆವು. ಅರ್ಧ ಗಂಟೆ ಮಾತಿಲ್ಲ. ಆಮೇಲೆ ಅವನೇ ಹೇಳಿದ, "ನಾಳೆಯಿಂದ ನೀನು ಮುಂದೆ ಹೋಗು, ನಾನು ಹಿಂದೆ ಬರ್ತೇನೆ." ಇಷ್ಟೇ. ನಿಧಾನ ಹೋಗುವವನು ಮುಂದೆ. ವೇಗ ಅವನದ್ದು, ನಿಲ್ಲುವ ತೀರ್ಮಾನವೂ ಅವನದ್ದು. ಒಂದು ಗಂಟೆ ತುಳಿದರೆ ಹತ್ತು ನಿಮಿಷ ಇಬ್ಬರೂ ಇಳಿಯಬೇಕು, ಸುಸ್ತಾಗಲಿ ಆಗದಿರಲಿ. ತೀರಾ ದೊಡ್ಡ ಏರು ಬಂದರೆ ಮಾತ್ರ ಗೆಳೆಯ ತನ್ನ ವೇಗದಲ್ಲಿ ಹೋಗಬಹುದು. ಆದರೆ ನಾನು ತುದಿಗೆ ತಲುಪಿದ ಮೇಲೆ ಹತ್ತು ನಿಮಿಷದ ಲೆಕ್ಕ ಶುರು.

ಮಂಡಿ ನೋವಿನ ಕಾರಣ ಕಂಡದ್ದೂ ಅಲ್ಲೇ. ನನ್ನ ಸೀಟು ತಗ್ಗಾಗಿತ್ತು. ನಿಂತಾಗ ಎರಡೂ ಪಾದ ನೆಲಕ್ಕೆ ತಾಗಲಿ ಅಂತ ಹಾಗೆ ಇಟ್ಟುಕೊಂಡಿದ್ದೆ. ಪೇಟೆ ಸುತ್ತಲು ಅದು ಸಾಕು, ದಿನವಿಡೀ ತುಳಿಯಲು ಆಗದು. ಮಂಡಿ ಯಾವಾಗಲೂ ಮಡಚಿಯೇ ಇರುತ್ತದೆ, ಭಾರ ಪೂರಾ ಮುಂಭಾಗಕ್ಕೆ ಬೀಳುತ್ತದೆ. ನೋಡುವ ಕ್ರಮ ಸುಲಭ. ಸೀಟಿನ ಮೇಲೆ ಕೂತು, ಪೆಡಲ್ ಪೂರ್ತಿ ಕೆಳಗಿರುವಾಗ ಹಿಮ್ಮಡಿಯನ್ನು ಅದರ ಮೇಲೆ ಇಡಬೇಕು. ಕಾಲು ನೇರ ಆಗಬೇಕು. ಆಮೇಲೆ ಮುಂಗಾಲಿನಲ್ಲಿ ತುಳಿಯುವಾಗ ಮಂಡಿ ಸ್ವಲ್ಪವೇ ಮಡಚುತ್ತದೆ. ಗೆಳೆಯ ಸೈಕಲ್ ಹಿಡಿದು ನಿಂತ, ನಾನು ಎರಡು ಬೆರಳಿನಷ್ಟು ಎತ್ತರಿಸಿದೆ. ಸೀಟಿನ ಕಂಬಕ್ಕೆ ಅಲ್ಲೇ ಇನ್ಸುಲೇಶನ್ ಟೇಪ್ ಸುತ್ತಿ ಗುರುತು ಮಾಡಿದೆವು, ಇಳಿದರೆ ಗೊತ್ತಾಗಲಿ ಅಂತ. ಮಂಡಿ ಎರಡು ದಿನದಲ್ಲಿ ಸರಿಹೋಯಿತು. ನೋವು ಮಂಡಿಯ ಹಿಂದೆ ಬಂದರೆ ಹೆಚ್ಚಾಗಿ ಸೀಟು ಜಾಸ್ತಿ ಎತ್ತರ ಆಗಿದೆ ಅಂತ ಅರ್ಥ.

ಆವತ್ತು ರಾತ್ರಿ ಕಾಞಂಗಾಡ್‌ನಲ್ಲಿ ಗೆಳೆಯನ ಅಕ್ಕನ ಮನೆ. ಒಟ್ಟು 50 ಕಿಲೋಮೀಟರ್ ಅಷ್ಟೆ ಆಗಿತ್ತು. ಅಕ್ಕ ಬಿಸಿನೀರು ಕಾಯಿಸಿ ಕೊಟ್ಟರು, ಗಂಜಿಗೆ ಮಾವಿನ ಮಿಡಿ ಉಪ್ಪಿನಕಾಯಿ ಬಡಿಸಿದರು. ಬಾವ ನನ್ನ ಚೀಲ ಎತ್ತಿ ನೋಡಿ, "ಇದರಲ್ಲಿ ಎಂತ ಕಲ್ಲು ಹಾಕಿದ್ದೀರಿ?" ಅಂದರು. ಮರುದಿನ ಬೆಳಗ್ಗೆ ಜೀನ್ಸ್, ಹೊದಿಕೆ, ಪುಸ್ತಕ, ಚಕ್ಕುಲಿ ಡಬ್ಬಿ ಎಲ್ಲ ಅಲ್ಲೇ ಬಿಟ್ಟೆ. ಚಕ್ಕುಲಿ ಅಕ್ಕನ ಮಕ್ಕಳಿಗಾಯಿತು. ಉಳಿದದ್ದು 9 ಕಿಲೋಕ್ಕಿಂತ ಸ್ವಲ್ಪ ಜಾಸ್ತಿ. ಹೊರಡುವ ಮುಂಚಿನ ಸಂಜೆ ಯಾವುದು ಇಲ್ಲದೆ ಆಗುವುದೇ ಇಲ್ಲ ಅಂತ ಹಟ ಹಿಡಿದಿದ್ದೆನೋ, ಅದು ಯಾವುದೂ ಆಮೇಲೆ ನೆನಪಿಗೆ ಬರಲಿಲ್ಲ. ಮನೆಯಲ್ಲಿ ತೂಗಿ ತೆಗೆಯುವುದಕ್ಕಿಂತ ಒಂದು ದಿನ ಎಳೆದ ಮೇಲೆ ತೆಗೆಯುವುದು ಎಷ್ಟೋ ಸುಲಭ. ಹಾಗಾಗಿ ಮೊದಲ ರಾತ್ರಿ ಪರಿಚಯದವರ ಮನೆಯಲ್ಲಿ ಉಳಿಯುವ ಹಾಗೆ ನೋಡಿಕೊಳ್ಳಿ ಅಂತ ಹೇಳುತ್ತೇನೆ.

ಎರಡನೇ ದಿನ ನಾನು ಮುಂದೆ. ನೀಲೇಶ್ವರ ಬೇಗ ಬಂತು. ಕಾರ್ಯಂಗೋಡು ಸೇತುವೆಯಲ್ಲಿ ನಿಂತು ಅವಲಕ್ಕಿ ಬೆಲ್ಲ ತಿಂದೆವು. ಹೊಟ್ಟೆ ಹಸಿಯುವ ಮೊದಲೇ ತಿನ್ನಬೇಕು, ಬಾಯಾರುವ ಮೊದಲೇ ಕುಡಿಯಬೇಕು. ಹೋಟೆಲ್ ಊಟಕ್ಕೆ ಕಾದು ಕೂತರೆ ಒಮ್ಮೆಲೇ ಕೈಕಾಲು ಸೋತುಹೋಗುತ್ತದೆ, ಊಟ ಮಾಡಿದರೆ ನಿದ್ದೆ ಬರುತ್ತದೆ. ಮಜ್ಜಿಗೆ ನೀರಿಗೆ ಉಪ್ಪು, ಶುಂಠಿ, ಹಸಿಮೆಣಸು ಹಾಕಿ ಕೊಡುವ ಅಂಗಡಿಗಳು ಈ ದಾರಿಯಲ್ಲಿ ಬೇಕಾದಷ್ಟು. ಅದನ್ನು ಸಂಭಾರ ಅನ್ನುತ್ತಾರೆ. ಬೆವರಿ ಬೆವರಿ ಹೋದ ಉಪ್ಪು ವಾಪಸ್ ಬರಲು ಅದಕ್ಕಿಂತ ಒಳ್ಳೆಯದು ಸಿಗಲಿಲ್ಲ.

ಚೆರುವತ್ತೂರು ದಾಟಿದ ಮೇಲೆ ಹಿಂದಿನ ಚಕ್ರದಿಂದ "ಟಣ್" ಅಂತ ಸದ್ದು. ನಾಲ್ಕು ಸುತ್ತು ತಿರುಗುವಷ್ಟರಲ್ಲಿ ರಿಮ್ ಬ್ರೇಕಿಗೆ ಉಜ್ಜಲು ಶುರುವಾಯಿತು. ಇಳಿದು ನೋಡಿದರೆ ಚಕ್ರದ ಒಂದು ಕಡ್ಡಿ (ಸ್ಪೋಕ್) ಮುರಿದಿದೆ. ಬಲಭಾಗದ್ದು, ಗೇರಿನ ಹಲ್ಲುಗಳ ಹಿಂದೆ. ಹೊಸ ಕಡ್ಡಿ ಹಾಕಬೇಕಾದರೆ ಹಲ್ಲಿನ ಗೊಂಚಲು ಬಿಚ್ಚಬೇಕು, ಅದಕ್ಕೆ ಬೇರೆ ಟೂಲ್ ಬೇಕು. ನಮ್ಮಲ್ಲಿ ಪಂಕ್ಚರ್ ಸಾಮಾನು, ಎರಡು ಟ್ಯೂಬ್, ಅಲೆನ್ ಕೀ ಎಲ್ಲ ಇತ್ತು, ಅದೊಂದು ಇರಲಿಲ್ಲ.

ಮಾಡಿದ್ದು ಇಷ್ಟು. ಮುರಿದ ಕಡ್ಡಿಯನ್ನು ಪಕ್ಕದ ಕಡ್ಡಿಗೆ ಸುತ್ತಿ ಬಿಟ್ಟೆವು, ಎಲ್ಲೂ ಸಿಕ್ಕಿಹಾಕಿಕೊಳ್ಳದ ಹಾಗೆ. ಹಿಂದಿನ ಬ್ರೇಕ್ ಕಳಚಿ ಅಗಲ ಮಾಡಿದೆವು, ಬಳುಕುವ ರಿಮ್ ತಾಗದಿರಲಿ ಅಂತ. ನನ್ನ ಚೀಲ ಪೂರಾ ಗೆಳೆಯನ ಕ್ಯಾರಿಯರಿಗೆ. ಪಯ್ಯನ್ನೂರು ಇನ್ನೂ 10 ಕಿಲೋಮೀಟರ್ ಆಚೆ. ಬರೇ ಮುಂದಿನ ಬ್ರೇಕಿನಲ್ಲಿ, ಇಳಿಜಾರಿನಲ್ಲಿ ಇಳಿದು ತಳ್ಳುತ್ತಾ, ನಿಧಾನಕ್ಕೆ ಹೋದೆವು. ಎರಡು ಚೀಲ ಹೊತ್ತ ಗೆಳೆಯ ಒಂದು ಮಾತು ಆಡಲಿಲ್ಲ, ಮುಂದೆಯೂ ಹೋಗಲಿಲ್ಲ. ಬೇಕಲದ ಸಿಟ್ಟು ನನ್ನ ಮನಸ್ಸಿನಿಂದ ಪೂರ್ತಿ ಹೋದದ್ದು ಆ 10 ಕಿಲೋಮೀಟರಿನಲ್ಲಿ.

ಪಯ್ಯನ್ನೂರಿನಲ್ಲಿ ಒಂದು ಹಳೇ ಸೈಕಲ್ ಅಂಗಡಿ ಸಿಕ್ಕಿತು. ಅಂಗಡಿಯ ಹಿರಿಯರು ಚಕ್ರ ಬಿಚ್ಚಿ, ಹಲ್ಲಿನ ಗೊಂಚಲು ತೆಗೆದು, ಮುರಿದ ಕಡ್ಡಿಯ ಅಳತೆಗೆ ಹೊಸದು ಹುಡುಕಿದರು. ಹಾಕುವ ಮೊದಲು ಎರಡೆರಡು ಕಡ್ಡಿಗಳನ್ನು ಬೆರಳಿನಲ್ಲಿ ಹಿಸುಕುತ್ತಾ ಚಕ್ರ ಪೂರಾ ಒಂದು ಸುತ್ತು ಬಂದರು. ಆಮೇಲೆ ನನ್ನ ಬೆರಳು ಹಿಡಿದು ಮುಟ್ಟಿಸಿದರು. ಕೆಲವು ಬಿಗಿ, ಕೆಲವು ತೊಟ್ಟಿಲ ಹಗ್ಗದ ಹಾಗೆ ಸಡಿಲ. ಭಾರ ಜಾಸ್ತಿ ಆದದ್ದು ಒಂದು ಕಾರಣ, ಆದರೆ ಮುರಿದದ್ದು ಸಡಿಲ ಇದ್ದದ್ದಕ್ಕೆ ಅಂತ ಮಲಯಾಳದಲ್ಲಿ ವಿವರಿಸಿದರು. ಸಡಿಲ ಕಡ್ಡಿ ಪ್ರತಿ ಸುತ್ತಿಗೂ ಬಗ್ಗಿ ಬಗ್ಗಿ, ಚಕ್ರದ ನಡುವಿನ ಹಬ್‌ನ ಹತ್ತಿರದ ಮಡಿಕೆಯಲ್ಲಿ ಸೋತು ತುಂಡಾಗುತ್ತದೆ. ಹೊಸ ಸೈಕಲಿನ ಚಕ್ರವನ್ನು ಸ್ವಲ್ಪ ಓಡಿಸಿದ ಮೇಲೆ ಒಮ್ಮೆ ಬಿಗಿ ಮಾಡಿಸಲೇಬೇಕು. ನಾನು ಮಾಡಿಸಿರಲಿಲ್ಲ. ಬ್ರೇಕಿನ ರಬ್ಬರನ್ನೇ ಅಳತೆಗೆ ಇಟ್ಟುಕೊಂಡು, ಕಾಲು ಸುತ್ತು, ಅರ್ಧ ಸುತ್ತು ಕಡ್ಡಿ ಬಿಗಿಸುವ ಕೀಲಿ ತಿರುಗಿಸುತ್ತಾ ಬೆಂಡ್ ತೆಗೆಯಲು ಅವರಿಗೆ ಒಂದು ಗಂಟೆ ಬೇಕಾಯಿತು. ಆ ಕೈ ನೋಡುತ್ತಾ ಕೂತಿದ್ದಕ್ಕೆ ನನಗೆ ಇವತ್ತಿಗೂ ಸಂತೋಷ ಉಂಟು.

ಕೆಲಸ ಮಾಡುತ್ತಲೇ ಅವರು ಇನ್ನೊಂದು ಮಾತು ಹೇಳಿದರು. 1930ರಲ್ಲಿ ಸ್ವಾತಂತ್ರ್ಯ ಹೋರಾಟಗಾರ ಕೆ. ಕೇಳಪ್ಪನ್ ಅವರ ಜೊತೆ ಉಪ್ಪಿನ ಸತ್ಯಾಗ್ರಹಿಗಳು ಕೋಯಿಕ್ಕೋಡ್‌ನಿಂದ ಈ ಊರಿಗೆ ನಡೆದೇ ಬಂದಿದ್ದರಂತೆ. ನಾವು ಹೋಗಬೇಕಾದ ದಾರಿಯಲ್ಲೇ, ಎದುರಿನಿಂದ. ಆವತ್ತು 40 ಕಿಲೋಮೀಟರ್ ಕೂಡ ಆಗಲಿಲ್ಲ ಅಂತ ಬೇಸರದಲ್ಲಿದ್ದೆವು. ಅದು ಕೇಳಿದ ಮೇಲೆ ಲೆಕ್ಕ ಹಾಕುವುದು ಬಿಟ್ಟು ಅಲ್ಲೇ ಲಾಡ್ಜ್ ಹುಡುಕಿದೆವು.

ಮೂರನೇ ದಿನ ಪಿಲಾತ್ತರದಿಂದ ಪಳಯಂಗಾಡಿ ದಾರಿ. ಸಮತಟ್ಟು. ಬಲಕ್ಕೆ ಏಳಿಮಲೆ, ಆಚೀಚೆ ಉಪ್ಪುನೀರಿನ ಕೈಪಾಡ್ ಗದ್ದೆಗಳು. ಗೆಳೆಯ ಎರಡು ಕಡೆ ಇಳಿದು ಗದ್ದೆಯವರೊಡನೆ ಮಾತಾಡಿದ, ಉಪ್ಪುನೀರಿನಲ್ಲಿ ಭತ್ತ ಹೇಗೆ ಬೆಳೆಯುತ್ತೀರಿ ಅಂತ. ನನಗೆ ಅವಸರ ಇರಲಿಲ್ಲ. ಮಧ್ಯಾಹ್ನ ಸಮುದ್ರದ ಗಾಳಿ ಎದ್ದ ಮೇಲೆ ಇನ್ನೂ ಸುಲಭ. ಬೇಸಗೆ ಕಾಲದಲ್ಲಿ ನಮ್ಮ ಕರಾವಳಿಯ ಮಧ್ಯಾಹ್ನದ ಗಾಳಿ ವಾಯುವ್ಯದಿಂದ ಬರುತ್ತದೆ. ತೆಂಕಕ್ಕೆ ಹೋಗುವವರಿಗೆ ಅದು ಬೆನ್ನಿಗೆ ಸಿಗುತ್ತದೆ. ಕನ್ಯಾಕುಮಾರಿಯಿಂದ ಊರಿಗೆ ತುಳಿಯುವ ಯೋಜನೆ ಇದ್ದವರು ಇದನ್ನು ಯೋಚನೆ ಮಾಡಬೇಕು.

ಕಣ್ಣೂರು ಕಳೆದು ಮುಳಪ್ಪಿಲಂಗಾಡ್ ಕಡಲತೀರ. ಕಾರು, ಬೈಕು ಓಡಾಡುವಷ್ಟು ಗಟ್ಟಿ ಮರಳು, ಸುಮಾರು 4 ಕಿಲೋಮೀಟರ್. ಅಲ್ಲಿ ಮಾತ್ರ ನಿಯಮ ಬಿಟ್ಟು ಅಕ್ಕಪಕ್ಕ ತುಳಿದೆವು, ಶಾಲೆಯಿಂದ ಬರುತ್ತಿದ್ದ ಹಾಗೆ. ತಲಶ್ಶೇರಿಯ ಲಾಡ್ಜಿನಲ್ಲಿ ರಾತ್ರಿ ಬಕೆಟ್ ನೀರು ತಂದು ಎರಡೂ ಸೈಕಲ್ ತೊಳೆದು, ಚೈನ್ ಒರೆಸಿ, ಎಣ್ಣೆ ಬಿಟ್ಟೆವು. ಉಪ್ಪು ಮರಳು ಹಾಗೆಯೇ ಬಿಟ್ಟರೆ ಚೈನ್ ಬೆಳಗಾಗುವಾಗ ತುಕ್ಕು ಹಿಡಿದಿರುತ್ತದೆ.

ನಾಲ್ಕನೇ ದಿನ ಬೆಳಗ್ಗೆ ಲಾಡ್ಜಿನ ವರಾಂಡದಲ್ಲಿ ಕೂತು, ಪಯ್ಯನ್ನೂರಿನ ಹಿರಿಯರು ತೋರಿಸಿದ ಹಾಗೆ, ಎರಡೆರಡು ಕಡ್ಡಿ ಹಿಸುಕುತ್ತಾ ಸುತ್ತು ಬಂದೆ. ಒಂದು ಕಡೆ ಬೆರಳಿಗೆ ಮೆತ್ತಗನಿಸಿತು. ಗೆಳೆಯ ಕೇಳುವ ಮೊದಲೇ ಕೀಲಿ ಕೊಟ್ಟ. ಕಾಲು ಸುತ್ತು ಬಿಗಿ ಮಾಡಿ, ನೀರು ತುಂಬಿಸಿಕೊಂಡು, ಆರೂವರೆಗೆ ಮಾಹೆಯ ಕಡೆಗೆ ಹೊರಟೆವು. ನಾನು ಮುಂದೆ, ಅವನು ಹಿಂದೆ.