ಚೆರ್ರಿ ಕೌಂಟಿಯ ಮಧ್ಯಾಂಕ ಆದಾಯವನ್ನು ಲೆಕ್ಕ ಹಾಕಿದ ನನ್ನ ಅನುಭವ

ಅಮೆರಿಕದ ನೆಬ್ರಾಸ್ಕಾ ರಾಜ್ಯದ ಉತ್ತರದ ಅಂಚಿನಲ್ಲಿರುವ ಚೆರ್ರಿ ಕೌಂಟಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ವಿಸ್ತಾರದಲ್ಲಿ ಕನೆಕ್ಟಿಕಟ್ ರಾಜ್ಯಕ್ಕಿಂತ ದೊಡ್ಡದು. 2020ರ ಜನಗಣತಿಯಲ್ಲಿ ಅಲ್ಲಿ ಸಿಕ್ಕವರು ಮಾತ್ರ ಸುಮಾರು ಐದೂವರೆ ಸಾವಿರ ಜನ. ದನ ಸಾಕಣೆಯನ್ನೇ ನೆಚ್ಚಿಕೊಂಡ ಈ ಕೌಂಟಿಯ ಮನೆಗಳನ್ನು ಆದಾಯದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಲ್ಲುವ ಮನೆಯ ಆದಾಯ, ಅಂದರೆ ಮಧ್ಯಾಂಕ, 1989ರಿಂದೀಚೆಗೆ ಹೇಗೆ ಬದಲಾಗಿದೆ ಎಂದು ತೋರಿಸುವ ಒಂದು ಗೆರೆಯನ್ನು ಎಳೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿತ್ತು.

ಮೊದಲು ಕೈಗೆ ಸಿಕ್ಕಿದ್ದು ಅಮೆರಿಕ ಸರ್ಕಾರದ ಆರ್ಥಿಕ ಅಂಕಿಅಂಶಗಳ ಸಂಸ್ಥೆಯಾದ ಬ್ಯೂರೋ ಆಫ್ ಎಕನಾಮಿಕ್ ಅನಾಲಿಸಿಸ್ ಪ್ರಕಟಿಸುವ ತಲಾ ಆದಾಯ. 1969ರಿಂದ ಪ್ರತಿ ವರ್ಷಕ್ಕೂ ಸಿಗುವ ಈ ಅಂಕಿಗಳನ್ನು ಕಂಡು ಆಸೆಯಾಯಿತಾದರೂ ಬಿಡಬೇಕಾಯಿತು. ಅದು ಸರಾಸರಿ, ಮಧ್ಯಾಂಕವಲ್ಲ. ಬೆರಳೆಣಿಕೆಯ ದೊಡ್ಡ ರ‍್ಯಾಂಚ್‌ಗಳ ಲಾಭ ಏರಿದರೆ ಇಡೀ ಕೌಂಟಿಯೇ ಶ್ರೀಮಂತವಾದಂತೆ ಕಾಣುತ್ತದೆ. ಮೇಲಾಗಿ ವಯಸ್ಸಾದವರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ನಂಥ ಸವಲತ್ತುಗಳೂ ಅದರಲ್ಲಿ ಆದಾಯವೆಂದೇ ಸೇರಿರುತ್ತವೆ.

ಆಮೇಲೆ, ಜನಗಣತಿ ನಡೆಸುವ ಸೆನ್ಸಸ್ ಬ್ಯೂರೋ ಆಯ್ದ ಮನೆಗಳಿಂದ ಪ್ರತಿ ವರ್ಷ ಉತ್ತರ ಪಡೆಯುವ ಅಮೆರಿಕನ್ ಕಮ್ಯುನಿಟಿ ಸರ್ವೆಗೆ ತಿರುಗಿದೆ. ಒಂದೇ ವರ್ಷದ ಅಂದಾಜುಗಳು 65,000 ಜನರಿಗಿಂತ ಕಡಿಮೆ ಇರುವ ಪ್ರದೇಶಗಳಿಗೆ ಸಿಗುವುದಿಲ್ಲವಾದ್ದರಿಂದ, ಚೆರ್ರಿಯಂಥ ಕೌಂಟಿಗಳಿಗೆ ಐದು ವರ್ಷಗಳ ಉತ್ತರಗಳನ್ನು ಒಟ್ಟುಗೂಡಿಸಿದ ಅಂದಾಜೇ ಗತಿ. ಇಂಥ ಮೊದಲ ಅಂದಾಜು 2005–2009ರ ಅವಧಿಯದು. ಅದು ಹೊರಬಂದದ್ದು 2010ರ ಡಿಸೆಂಬರ್‌ನಲ್ಲಿ. ಇಲ್ಲಿ ನಾನು ಒಂದು ತಪ್ಪು ಮಾಡಿದೆ. 2009–2013ರ ಅಂದಾಜು 2013ರ ಡಾಲರ್‌ಗಳಲ್ಲಿ ಇರುತ್ತದೆ ಎಂಬ ಕಾರಣಕ್ಕೆ ಅದನ್ನು 2013ರ ಚುಕ್ಕೆಯಾಗಿಯೇ ಗುರುತಿಸಿದೆ. ಅದು ಹೇಳುವುದು ಐದೂ ವರ್ಷಗಳ ಸ್ಥಿತಿಯನ್ನು, ಒಂದೇ ವರ್ಷಕ್ಕೆ ಕಟ್ಟಲೇಬೇಕೆಂದರೆ ನಡುವಿನ 2011ಕ್ಕೆ ಕಟ್ಟಬೇಕು. ಹೀಗಾಗಿ ನನ್ನ ಗೆರೆ ಉದ್ದಕ್ಕೂ ಎರಡು ವರ್ಷ ಹಿಂದೆ ಉಳಿದಿತ್ತು. ಬೇರೆ ಆಕರದ ಅಂಕಿಗಳನ್ನು ಪಕ್ಕದಲ್ಲಿ ಇಟ್ಟು ನೋಡುವವರೆಗೂ ಇದು ಗಮನಕ್ಕೆ ಬರಲಿಲ್ಲ.

ಇದಕ್ಕಿಂತ ಸೂಕ್ಷ್ಮವಾದ ತೊಡಕು ಇನ್ನೊಂದಿತ್ತು. 2009–2013 ಮತ್ತು 2010–2014ರ ಅಂದಾಜುಗಳಲ್ಲಿ ನಾಲ್ಕು ವರ್ಷಗಳ ಉತ್ತರಗಳು ಒಂದೇ. ಅವುಗಳ ನಡುವಿನ ವ್ಯತ್ಯಾಸ ಹೆಚ್ಚುಕಡಿಮೆ 2014ರ ಮನೆಗಳಿಗೂ 2009ರ ಮನೆಗಳಿಗೂ ಇರುವ ವ್ಯತ್ಯಾಸ, ಅದೂ ಐದರಲ್ಲೊಂದು ಪಾಲಿಗೆ ಕುಗ್ಗಿದ್ದು. ಆದ್ದರಿಂದ ಒಂದರ ಮೇಲೊಂದು ಬೀಳದ ಅವಧಿಗಳನ್ನಷ್ಟೇ ಹೋಲಿಸಿದೆ: 2009–2013, 2014–2018, 2019–2023. ದೋಷಮಿತಿಯನ್ನು, ಅಂದರೆ ಅಂದಾಜು ಆಚೀಚೆ ಎಷ್ಟು ತಪ್ಪಿರಬಹುದು ಎಂಬ ಅಳತೆಯನ್ನು, ಶೇ 90ರ ಖಚಿತತೆಯಲ್ಲಿ ಕೊಟ್ಟಿರುವುದರಿಂದ ಅದನ್ನು 1.645ರಿಂದ ಭಾಗಿಸಿದರೆ ಪ್ರಮಾಣ ದೋಷ (ಸ್ಟ್ಯಾಂಡರ್ಡ್ ಎರರ್) ಸಿಗುತ್ತದೆ. ಎರಡು ಅವಧಿಗಳ ಪ್ರಮಾಣ ದೋಷಗಳ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆದರೆ ವ್ಯತ್ಯಾಸದ ಪ್ರಮಾಣ ದೋಷ. ಉದಾಹರಣೆಗೆ ಎರಡೂ ಕಡೆ ದೋಷಮಿತಿ 6,000 ಡಾಲರ್ ಇದ್ದರೆ ವ್ಯತ್ಯಾಸದ ದೋಷಮಿತಿ ಸುಮಾರು 8,500 ಡಾಲರ್ ಆಗುತ್ತದೆ. ಆಗ 4,000 ಡಾಲರ್‌ಗಳ ಏರಿಕೆಯನ್ನು ಏರಿಕೆ ಎನ್ನುವ ಧೈರ್ಯ ನನಗಿಲ್ಲ.

ಪ್ರತಿ ವರ್ಷದ ಅಂಕಿ ಬೇಕೆಂದರೆ ಸೆನ್ಸಸ್ ಬ್ಯೂರೋದ ಸಣ್ಣ ಪ್ರದೇಶಗಳ ಆದಾಯ ಮತ್ತು ಬಡತನದ ಅಂದಾಜುಗಳೇ, ಅಂದರೆ ಎಸ್‌ಎಐಪಿಇ ಸರಣಿಯೇ, ಆಸರೆ. ಅದರಲ್ಲಿ ಕೌಂಟಿಗಳಿಗೆ 1989, 1993, 1995ರ ಅಂಕಿಗಳಿವೆ. 1997ರಿಂದ ಪ್ರತಿ ವರ್ಷದವೂ ಇವೆ. ಸರ್ವೆಯಲ್ಲಿ ಸಿಕ್ಕ ಕೆಲವೇ ಮನೆಗಳ ಉತ್ತರವನ್ನೂ, ತೆರಿಗೆ ವಿವರಪತ್ರಗಳಂಥ ದಾಖಲೆಗಳಿಂದ ಹಿಂಚಲನೆಯ (ರಿಗ್ರೆಶನ್) ಸಮೀಕರಣ ಊಹಿಸುವ ಮೌಲ್ಯವನ್ನೂ ಲಾಗರಿದಮ್ ಮಾನದಲ್ಲಿ ತೂಕ ಹಾಕಿ ಬೆರೆಸುವುದು ಅದರ ಕ್ರಮ. ಕೌಂಟಿ ಚಿಕ್ಕದಾದಷ್ಟೂ ತಕ್ಕಡಿ ಸಮೀಕರಣದ ಕಡೆಗೆ ವಾಲುತ್ತದೆ. ಆದ್ದರಿಂದ ಚೆರ್ರಿಯ ಗೆರೆ ನಯವಾಗಿರುವುದಕ್ಕೆ ಅಲ್ಲಿನ ಬದುಕು ಸ್ಥಿರವಾಗಿದೆ ಎಂಬುದೇ ಕಾರಣವಾಗಬೇಕಿಲ್ಲ. ಆ ನಯ ಬಹುಪಾಲು ದೇಶದ ಉಳಿದ ಕೌಂಟಿಗಳಿಂದ ಎರವಲು ಬಂದದ್ದು. 2005ರಲ್ಲಿ ಈ ಅಂದಾಜುಗಳ ಮೂಲ ಸರ್ವೆಯೇ ಬದಲಾಯಿತು. ಹಾಗಾಗಿ 2004 ಮತ್ತು 2005ರ ನಡುವೆ ಗೆರೆಯನ್ನು ಬೇಕೆಂದೇ ತುಂಡರಿಸಿದೆ.

ನನಗೆ ಹೆಚ್ಚು ಪಾಠ ಕಲಿಸಿದ್ದು 2012ರ ಬರಗಾಲ. ಹುಲ್ಲು ಒಣಗಿದ ವರ್ಷ ದನಗಾರರು ತಳಿಗೆಂದು ಉಳಿಸಿಕೊಂಡ ಹಸುಗಳನ್ನೂ ಮಾರುತ್ತಾರೆ. ಆ ಲಾಭ ತೆರಿಗೆಯ ಲೆಕ್ಕದಲ್ಲಿ ಬಂಡವಾಳದ ಲಾಭವಾಗಿ ಕಾಣಿಸಿಕೊಳ್ಳಬಹುದು. ಸರ್ವೆ ಮಾತ್ರ ಬಂಡವಾಳದ ಲಾಭವನ್ನು ಆದಾಯವೆಂದು ಎಣಿಸುವುದಿಲ್ಲ. ಬರದಿಂದಾಗಿ ಅನಿವಾರ್ಯವಾಗಿ ಮಾರಿದ ದನಗಳ ಆದಾಯವನ್ನು ಮುಂದಿನ ವರ್ಷಕ್ಕೆ ದಾಟಿಸಲು ತೆರಿಗೆ ಕಾನೂನಿನಲ್ಲಿ ಅವಕಾಶವೂ ಇದೆ. ಹೀಗೆ ಕೊಟ್ಟಿಗೆ ಬರಿದಾಗುತ್ತಿರುವ ವರ್ಷವೇ ಕಾಗದದ ಮೇಲೆ ಸುಗ್ಗಿಯಾಗಿ ತೋರಬಹುದು. ಇದನ್ನು ಅರಿತ ಮೇಲೆ 2012 ಮತ್ತು 2013ರ ಒಂಟಿ ಅಂಕಿಗಳ ಬಗ್ಗೆ ವಿವರಣೆ ಬರೆಯುವುದನ್ನು ಕೈಬಿಟ್ಟೆ.

ಕೊನೆಗೆ ಕೊಟ್ಟ ಚಿತ್ರದಲ್ಲಿ ಎಲ್ಲ ಮೊತ್ತಗಳನ್ನೂ ಬೆಲೆ ಏರಿಕೆಯನ್ನು ಅಳೆಯುವ ಸಿಪಿಐ-ಯು-ಆರ್‌ಎಸ್ ಸೂಚ್ಯಂಕ ಬಳಸಿ 2023ರ ಡಾಲರ್‌ಗಳಿಗೆ ತಂದಿದ್ದೆ. ಎಸ್‌ಎಐಪಿಇ ಗೆರೆಯ ಸುತ್ತ ಶೇ 90ರ ಖಚಿತತೆಯ ಪಟ್ಟಿ, ಅದರ ಮೇಲೆ ಸರ್ವೆಯ ಮೂರು ಅವಧಿಗಳು ಮೂರು ಅಡ್ಡಗೆರೆಗಳಾಗಿ, ಜೊತೆಗೆ 2000ದ ಜನಗಣತಿಯ ದೀರ್ಘ ನಮೂನೆಯಿಂದ ಬಂದ, 1999ರ ಆದಾಯವನ್ನು ಹೇಳುವ ಒಂದು ದಪ್ಪ ಚುಕ್ಕೆ. ದೇಶದಲ್ಲಿ ಸರಾಸರಿ ಆರು ಮನೆಗಳಿಗೆ ಒಂದರಂತೆ ತಲುಪಿದ್ದ ಆ ನಮೂನೆ ಅನಂತರ ನಿಂತೇಹೋಯಿತು. ಕೆಲಸ ಒಪ್ಪಿಸಿದವರು ಚಿತ್ರ ನೋಡಿ, ಕಳೆದ ವರ್ಷ ಆದಾಯ ಏರಿತೇ ಇಳಿಯಿತೇ ಎಂದು ಕೇಳಿದರು. ನಾನು ಗೆರೆಯ ತುದಿಯನ್ನು ಬಿಟ್ಟು ಅದರ ಸುತ್ತಲಿನ ಪಟ್ಟಿಯ ಅಗಲವನ್ನು ತೋರಿಸಿದೆ.