ಕೋಲ್ಡ್ ಸ್ಟೋರೇಜ್ ಬಾಡಿಗೆ ಲೆಕ್ಕ ತಪ್ಪಿದ್ದು ಎಲ್ಲಿ?

ವಿಜಯಪುರ ಜಿಲ್ಲೆಯ ತಿಕೋಟಾ ಕಡೆ ಒಣದ್ರಾಕ್ಷಿ ಇಡುವ ಕೋಲ್ಡ್ ಸ್ಟೋರೇಜಿಗೆ ನಾವು ಮಾಡಿಕೊಟ್ಟ ಸಾಫ್ಟ್‌ವೇರ್. ತಿಂಗಳ ಕೊನೆಗೆ ಬಾಕ್ಸುಗಳ ಎಣಿಕೆ ಸರಿ, ಬಾಡಿಗೆ ಮಾತ್ರ ಕಡಿಮೆ. ಕೋಡ್‌ನಲ್ಲಿ ತಪ್ಪಿರಲಿಲ್ಲ. ನಾವು ಬರೆದುಕೊಂಡ ಅಗತ್ಯಗಳಲ್ಲೇ ಆವಕ (ಮಾಲು ಒಳಬರುವುದು), ಜಾವಕ (ಹೊರಹೋಗುವುದು) ಎರಡೇ ಇದ್ದವು, ಮಾಲೀಕರನ್ನಷ್ಟೇ ಕೇಳಿದ್ದೆವು.

ಗುಮಾಸ್ತರ ಪಕ್ಕ ಇಡೀ ದಿನ ಕೂತಾಗ ಹಳೆಯ ರಿಜಿಸ್ಟರಿನ ಅಂಚಿನಲ್ಲಿ ಕೆಂಪು ಪೆನ್ನಿನ ಸಾಲು ಸಿಕ್ಕಿತು: '80 ಬಾಕ್ಸ್, ಹೆಸರು ಬದಲು'. ರೈತರು ಮಾಲು ಮಾರಿದರೂ ಬಾಕ್ಸು ಒಳಗೇ ಇರುತ್ತದೆ. ಅದಕ್ಕೆ ಸಾಫ್ಟ್‌ವೇರಿನಲ್ಲಿ ಜಾಗವಿಲ್ಲದೆ ಗುಮಾಸ್ತರು ಜಾವಕ ಹಾಕಿ, ವ್ಯಾಪಾರಿಯ ಚೀಟಿ ಬಂದ ಮೇಲೆ ಹೊಸ ಆವಕ ಮಾಡುತ್ತಿದ್ದರು. ನಡುವಿನ ದಿನಗಳ ಬಾಡಿಗೆ ಯಾರ ಖಾತೆಗೂ ಬೀಳುತ್ತಿರಲಿಲ್ಲ.

'ಹೆಸರು ವರ್ಗಾವಣೆ' ಎಂಬ ಮೂರನೇ ನಮೂದು ಸೇರಿಸಿದೆವು. ಲಾಟ್ ನಂಬರ್, ಮೊದಲ ಆವಕದ ತಾರೀಖು ಬದಲಾಗುವುದಿಲ್ಲ; ವರ್ಗಾವಣೆಯ ಹಿಂದಿನ ದಿನದವರೆಗೆ ಹಳೆಯವರಿಗೆ ಬಾಡಿಗೆ, ವರ್ಗಾವಣೆಯ ದಿನದಿಂದ ಹೊಸಬರಿಗೆ.

ಬದಲಾವಣೆ ಸರಿಯಾಗಿದೆ ಎಂದು ಒಪ್ಪಲು ಬೇಕಾದ ಷರತ್ತನ್ನು ಅಂಕಿಯಲ್ಲೇ ಬರೆದೆವು: 200 ಬಾಕ್ಸ್, 46ನೇ ದಿನ 80 ವರ್ಗಾವಣೆ, 60ನೇ ದಿನದ ಕೊನೆಗೆ ಎಲ್ಲ ಖಾಲಿ. ರೈತರಿಗೆ 10,800 ಬಾಕ್ಸ್-ದಿನ (ಒಂದು ಬಾಕ್ಸು ಒಂದು ದಿನ ಇದ್ದರೆ ಒಂದು), ವ್ಯಾಪಾರಿಗೆ 1,200. ಒಟ್ಟು 12,000 ಬರಲೇಬೇಕು.

'ಕೆಲಸ ಹೇಗೆ ನಡೀತದ?' ಅಂದರೆ ನಿಯಮ ಹೇಳುತ್ತಾರೆ. 'ಹೋದ ವಾರದ ಚೀಟಿ ತೋರಸ್ರಿ' ಅನ್ನಿ, ನಿಜವಾದ ಕೆಲಸ ಕಾಣುತ್ತದೆ.